ಪಕ್ಕೆಗೆ ಕೇಳುವ ಬೇಸ್

ನನ್ನ ಅಣ್ಣನಿಗೆ ಕಿವಿ ಹೋಗುತ್ತಿದೆ ಅಂತ ಮೊದಲು ಗೊತ್ತಾಗಿದ್ದು ನನಗೆ. ಅತ್ತಿಗೆಗೂ ಮೊದಲು. ಯಾರಾದರೂ ತಮಾಷೆ ಮಾಡಿದರೆ ಅವನು ಎಲ್ಲರೂ ನಕ್ಕ ಮೇಲೆ ನಗುತ್ತಿದ್ದ, ಅದೂ ಸ್ವಲ್ಪ ಜಾಸ್ತಿಯೇ. ಇಪ್ಪತ್ತೆರಡು ವರ್ಷದಿಂದ ಒಂದೇ ಬ್ಯಾಂಡಿನಲ್ಲಿ ಅವನದು ಬೇಸ್ ಗಿಟಾರ್, ನನ್ನದು ಡ್ರಮ್ಸ್. ಅವನ ಹಿಂದೆ ಮೂರಡಿ ದೂರದಲ್ಲಿ ಕೂತು, ಅವನ ಬೆನ್ನನ್ನೇ ನೋಡುತ್ತ ಆಯುಸ್ಸು ಸವೆಸಿದವನು ನಾನು. ಆ ಬೆನ್ನಿನಲ್ಲಿ ಏನು ಏರುಪೇರಾದರೂ ನನಗೆ ತಿಳಿಯುತ್ತದೆ. ತಿಳಿದಾಗ ಏನನ್ನಿಸಿತು ಅಂತ ಕೇಳುತ್ತೀರಾ? ಮುಚ್ಚುಮರೆ ಯಾಕೆ, ಹೊಟ್ಟೆ ತಣ್ಣಗಾಯಿತು.

ನನ್ನನ್ನು ಸಾಕಿದವನೂ ಅವನೇ, ಕಲಿಸಿದವನೂ ಅವನೇ. ಹೇಗೆ ಕಲಿಸಿದ ಅನ್ನುವುದನ್ನೂ ಹೇಳಿಬಿಡುತ್ತೇನೆ. ಗೋಡೆಗೆ ಮುಖ ಮಾಡಿ ಕೂರಿಸಿ, ಬೆನ್ನ ಮೇಲೆ ಎರಡು ಬೆರಳಿನಿಂದ ತಾಳ ಕುಟ್ಟುತ್ತಿದ್ದ. ತಪ್ಪಿದರೆ ಅದೇ ಎರಡು ಬೆರಳಿನಿಂದ ಕಿವಿ ಹಿಂಡುತ್ತಿದ್ದ. ಅದು ಹಾಳಾಗಿ ಹೋಗಲಿ. ನನಗೆ ಮೀಸೆ ಬಂದ ಮೇಲೂ, ನೆತ್ತಿಯ ಕೂದಲು ಉದುರಿದ ಮೇಲೂ, ರಿಹರ್ಸಲ್ ನಡುವೆ ಕೈಯೆತ್ತಿ ಹಾಡು ನಿಲ್ಲಿಸಿ, ಎಲ್ಲರ ಎದುರಿಗೆ, "ಲೋ, ನಿನ್ ಕಾಲು ಓಡ್ತಿದೆ" ಅನ್ನುತ್ತಿದ್ದ. ಕಾಲು ಅಂದರೆ ದೊಡ್ಡ ಡ್ರಮ್ಮಿನ ಪೆಡಲ್ ಒತ್ತುವ ನನ್ನ ಬಲಗಾಲು. ಹಾಡುವವಳು ತುಟಿ ಕಚ್ಚಿಕೊಂಡು ನಗುತ್ತಿದ್ದಳು. ಅದನ್ನೂ ನುಂಗಿಕೊಂಡೆ.

ನುಂಗಲಾಗದ್ದು ಇನ್ನೊಂದಿದೆ. ನನಗೆ ಇಪ್ಪತ್ತೊಂಬತ್ತಾಗಿದ್ದಾಗ ದೊಡ್ಡ ಬ್ಯಾಂಡೊಂದರ ಮುಖ್ಯಸ್ಥ ನನ್ನನ್ನು ಕೇಳಿಕೊಂಡು ಮನೆಗೇ ಬಂದಿದ್ದನಂತೆ. ನಾನು ಮನೆಯಲ್ಲಿರಲಿಲ್ಲ. ಅಣ್ಣ ಅವನನ್ನು ಕೂರಿಸಿ, ಕಾಫಿ ಕೊಟ್ಟು, "ಅವ್ನಿನ್ನೂ ಹದಕ್ಕೆ ಬಂದಿಲ್ಲ, ಎರಡು ವರ್ಷ ಬಿಟ್ಟು ನೋಡಿ" ಅಂದು ಕಳಿಸಿದ. ಎರಡು ವರ್ಷ ಬಿಟ್ಟು ಯಾವ ನಾಯಿಯೂ ಬಂದು ನೋಡಲಿಲ್ಲ. ಇದು ನನಗೆ ಗೊತ್ತಾಗಿದ್ದು ಹತ್ತು ವರ್ಷದ ಮೇಲೆ, ಅವನ ಬಾಯಿಂದಲೇ. ನಗುನಗುತ್ತಾ ಹೇಳಿದ. ಅವನ ಲೆಕ್ಕದಲ್ಲಿ ಅದು ನನಗೆ ಮಾಡಿದ ಉಪಕಾರ.

ಡಾಕ್ಟರು ಎರಡೂ ಕಿವಿ ನೋಡಿ, ಇನ್ನು ಇಳಿಯುವುದೇ ಹೊರತು ಏರುವುದಿಲ್ಲ ಅಂದರು. ಕಿವಿಗೆ ಹಾಕಿಕೊಳ್ಳುವ ಮಷೀನು ಕೊಟ್ಟರು. ಅದರಲ್ಲಿ ಮಾತು ಒಂದಷ್ಟು ಕೇಳುತ್ತಿತ್ತು, ಸಂಗೀತ ಮಾತ್ರ ತಗಡು ಬಡಿದ ಹಾಗೆ ಆಗಿಬಿಡುತ್ತಿತ್ತು. ಅಣ್ಣ ಎರಡೇ ದಿನಕ್ಕೆ ಅದನ್ನು ಡ್ರಾಯರಿಗೆ ಹಾಕಿದ. ವಿಷಯ ನಮ್ಮ ಮೂವರಲ್ಲೇ ಇರಲಿ ಅಂತ ನನ್ನಿಂದಲೂ ಅತ್ತಿಗೆಯಿಂದಲೂ ಭಾಷೆ ತೆಗೆದುಕೊಂಡ. ಬ್ಯಾಂಡಿನ ಯಜಮಾನರಿಗೆ ಗೊತ್ತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ ಅಂತ ಅವನ ಹೆದರಿಕೆ. ಅವನಿಗೆ ಐವತ್ನಾಲ್ಕು. ಬೇಸ್ ಬಿಟ್ಟರೆ ಬೇರೆ ಏನೂ ಬರದು. ಒಂದು ಮೊಳೆ ಹೊಡೆಯಲೂ ಅತ್ತಿಗೆಯೇ ಬರಬೇಕು.

ಒಂದು ದಿನ ಮನೆಯಲ್ಲಿ ಮರದ ಬೀರುವಿಗೆ ಬೆನ್ನು ಆನಿಸಿ ಕೂತು ನುಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಎದ್ದು ನನ್ನ ಕೈ ಹಿಡಿದು ಬೀರುವಿನ ಬಾಗಿಲ ಮೇಲೆ ಇಟ್ಟ.

"ನಡುಗುತ್ತಾ ಇಲ್ವಾ? ಮರ ಹೇಳುತ್ತೆ ಕಣೋ! ನಂಗೆ ಕಿವಿ ಯಾಕೆ?"

ಅಲ್ಲಿಂದ ಶುರುವಾಯಿತು ಹುಡುಕಾಟ. ಅವನ ಹಳೆಯ ಕಪ್ಪು ಬೇಸ್ ಒಂದೇ ಗಟ್ಟಿ ಹಲಗೆ. ಅದು ತಂತಿಯ ದನಿಯನ್ನು ವೈರ್‌ಗೆ ಕೊಡುತ್ತಿತ್ತೇ ವಿನಾ ಮೈಗೆ ಕೊಡುತ್ತಿರಲಿಲ್ಲ. ಸೆಮಿ-ಅಕೌಸ್ಟಿಕ್ ಬೇಸ್ ಹಾಗಲ್ಲ. ಅದಕ್ಕೆ ಟೊಳ್ಳು ಹೊಟ್ಟೆ, ಮುಖದ ಮೇಲೆ ಎರಡು ಬಳುಕಿದ ಕಂಡಿ. ತಂತಿ ಮೀಟಿದರೆ ಹೊಟ್ಟೆಯೆಲ್ಲ ಅದುರುತ್ತದೆ. ಪಕ್ಕದಲ್ಲಿ ಡ್ರಮ್ ಬಿದ್ದರೆ ಅದಕ್ಕೂ ಅದುರುತ್ತದೆ. ಅದನ್ನು ಪಕ್ಕೆಗೆ ಅವುಚಿಕೊಂಡು ನಿಂತರೆ ಕಿವಿಯ ಕೆಲಸ ಎಲುಬು ಮಾಡುತ್ತದೆ ಅನ್ನುವುದು ಅಣ್ಣನ ಲೆಕ್ಕಾಚಾರ.

ಆರು ಭಾನುವಾರ ಅಲೆದೆವು. ಅಂಗಡಿಯವರಿಗೆ ನಾವು ಒಗಟಾಗಿಬಿಟ್ಟೆವು. ಅವರು ವೈರು ಸಿಕ್ಕಿಸಲು ಬಂದರೆ ಅಣ್ಣ ಬೇಡ ಅನ್ನುತ್ತಿದ್ದ. ಗಿಟಾರನ್ನು ಎದೆಗೆ ಒತ್ತಿಕೊಂಡು, ಗದ್ದ ಅದರ ಅಂಚಿಗೆ ತಾಗಿಸಿ, ಕಣ್ಣು ಮುಚ್ಚಿ ಒಂದೇ ತಂತಿ ಮೀಟುತ್ತಾ ಹತ್ತು ನಿಮಿಷ ನಿಲ್ಲುತ್ತಿದ್ದ. ಒಂದು ಅಂಗಡಿಯ ಸೇಲ್ಸ್‌ಮನ್ನು ತಡೆಯಲಾರದೆ, "ಸಾರ್, ಇದನ್ನ ತಗೋತೀರಾ ಇಲ್ಲ ಮದ್ವೆ ಆಗ್ತೀರಾ?" ಅಂದ. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು.

ಅಣ್ಣ ನನ್ನ ಕಡೆ ತಿರುಗಿದ. "ಏನಂತಾನೆ?"

"ಹಿಡ್ಕೊಂಡಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ, ದೊಡ್ಡ ಕಲಾವಿದರು ಅಂತಾನೆ" ಅಂತ ಅವನ ಕಿವಿಗೆ ಬಾಯಿಟ್ಟು ಕೂಗಿದೆ.

ಅಣ್ಣ ಸಂಕೋಚದಿಂದ ಕೈ ಮುಗಿದ. ಅವರು ಇನ್ನಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅವತ್ತು ಮನೆಗೆ ಹೋಗುವ ತನಕ ನನಗೆ ಬಹಳ ಹಿತವಾಗಿತ್ತು.

ಯಾವುದೂ ಒಪ್ಪಿಗೆಯಾಗಲಿಲ್ಲ. ಒಂದು ಪ್ಲೈವುಡ್ಡಿನದು, "ಬರೀ ಗಡಗಡ, ಮಾತೇ ಇಲ್ಲ" ಅಂದ. ಇನ್ನೊಂದರ ಕತ್ತು ಬಾಗಿತ್ತು. ಮತ್ತೊಂದು ನೋಡಲು ರಾಜಕುಮಾರಿ. ಆದರೆ ಹೊಟ್ಟೆಯ ನಡುವೆ ಉದ್ದಕ್ಕೂ ಮರದ ದಿಮ್ಮಿ ಇಟ್ಟು ಕಟ್ಟಿದ್ದರು, ಅದುರು ಪಕ್ಕೆ ತನಕ ಬರುತ್ತಲೇ ಇರಲಿಲ್ಲ. ಬೇಕಾದ್ದು ಏನು ಅಂತ ಅವನು ಫುಟ್‌ಪಾತಿನಲ್ಲೇ ನನ್ನ ಮೈ ಮೇಲೆ ಬೆರಳಿಟ್ಟು ತೋರಿಸಿದ. ದಪ್ಪ ತಂತಿ ಇಲ್ಲಿ, ಕೊನೆಯ ಪಕ್ಕೆಲುಬಿನಲ್ಲಿ ಕೇಳಬೇಕು. ಅದರ ಮೇಲಿನದು ಇಲ್ಲಿ. ಮೂರನೆಯದು ಕಂಕುಳ ಕೆಳಗೆ. ತೆಳು ತಂತಿ ಕತ್ತಿನ ಎಲುಬಿಗೆ ಬರಬೇಕು. "ನಾಲ್ಕೂ ಬೇರೆ ಬೇರೆ ಕೇಳ್ಬೇಕು ಕಣೋ. ಅಷ್ಟು ಸಿಕ್ರೆ ಸಾಕು, ಇನ್ನೂ ಹತ್ತು ವರ್ಷ ನುಡಿಸ್ತೀನಿ." ದಾರಿಯಲ್ಲಿ ಹೋಗುವವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವನ ಬೆರಳು ಬೆಚ್ಚಗಿತ್ತು. ನನಗೆ ಮುಜುಗರವಾಯಿತು, ಕೈ ತಳ್ಳಿದೆ.

ಸಿಕ್ಕಿದ್ದು ಅಂಗಡಿಯಲ್ಲಲ್ಲ. ನನ್ನ ದವಡೆ ಹಲ್ಲು ನೋಯುತ್ತಿತ್ತು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಕಾಯುವ ಕೋಣೆಯ ಗೋಡೆಯ ಮೇಲೆ, ಹಲ್ಲುಜ್ಜುವ ವಿಧಾನದ ಪಟದ ಪಕ್ಕದಲ್ಲಿ, ಜೇನು ಬಣ್ಣದ ಸೆಮಿ-ಅಕೌಸ್ಟಿಕ್ ಬೇಸ್ ಅಲಂಕಾರಕ್ಕೆ ನೇತಾಡುತ್ತಿತ್ತು. ಮೇಲೆ ಬೆರಳು ದಪ್ಪ ಧೂಳು. ಅಣ್ಣ ಯಾರನ್ನೂ ಕೇಳಲಿಲ್ಲ. ಕುರ್ಚಿ ಎಳೆದು ಹತ್ತಿ ಇಳಿಸಿಯೇಬಿಟ್ಟ. ಶ್ರುತಿ ಇಲ್ಲದ ತಂತಿಯನ್ನು ಒಮ್ಮೆ ಮೀಟಿದ. ಇನ್ನೊಮ್ಮೆ. ಕೆನ್ನೆ ಊದಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು ತನ್ನ ನೋವು ಮರೆತು ನೋಡುತ್ತಿದ್ದಳು, ಯಾಕೆಂದರೆ ನನ್ನ ಅಣ್ಣ ಅಳುತ್ತಿದ್ದ.

"ಇಲ್ಲಿ ಬಂತು" ಅಂದ, ಕತ್ತಿನ ಎಲುಬು ಮುಟ್ಟಿಕೊಂಡು. "ತೆಳು ತಂತಿ ಇಲ್ಲೇ ಬಂತು ಕಣೋ."

ಅದು ಡಾಕ್ಟರ ತೀರಿಕೊಂಡ ತಂದೆಯದು. ಮಗಳು ಬೇಸ್ ಕಲಿಯುತ್ತಿದ್ದಾಳೆ, ಆದರೆ ಈ ಹಳೇ ಡಬ್ಬ ತನಗೆ ಬೇಡ, ಗಟ್ಟಿ ಮೈಯ ಕಪ್ಪು ಬೇಸೇ ಬೇಕು ಅನ್ನುತ್ತಾಳೆ ಅಂದರು. ಅಣ್ಣ ಸಂಜೆಯೇ ತನ್ನ ಇಪ್ಪತ್ತೆರಡು ವರ್ಷದ ಕಪ್ಪು ಬೇಸ್ ಕೊಟ್ಟು ಇದನ್ನು ತಂದ. ಹಳೆಯದೂ ಕೈಯಲ್ಲಿರಲಿ, ಹೀಗೆ ಆತುರ ಪಡಬೇಡ ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ.

ರಿಹರ್ಸಲ್ಲಿನಲ್ಲಿ ಅವನು ನುಡಿಸಿದ್ದನ್ನು ಕೇಳಿ ಯಜಮಾನರು, ಅವರು ಸ್ಯಾಕ್ಸೊಫೋನ್ ಊದುವವರು, ಊದುವುದನ್ನು ಮರೆತು ನಿಂತರು. ಸುಳ್ಳು ಹೇಳಲಾರೆ, ನನ್ನ ಅಣ್ಣ ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿರಲಿಲ್ಲ. ಮೈಯೆಲ್ಲ ಕಿವಿ ಮಾಡಿಕೊಂಡು ನುಡಿಸಿದ. ಅಷ್ಟರಲ್ಲಿ ಅವನು ಕೈಯೆತ್ತಿ ಹಾಡು ನಿಲ್ಲಿಸಿದ.

"ಲೋ, ನಿನ್ ಕಾಲು ಓಡ್ತಿದೆ."

ಮೈಯೆಲ್ಲ ಉರಿದುಹೋಯಿತು. ಬಾಗಿಲ ಗಂಟೆ ಕೇಳದ, ಹೆಂಡತಿ ಕೂಗಿದರೆ ಕೇಳದ ಕಿವುಡ! ಅವನಿಗೂ ನನ್ನ ತಪ್ಪೊಂದು ಕೇಳುತ್ತದೆ! ಹಾಡುವವಳು ಎಂದಿನಂತೆ ತುಟಿ ಕಚ್ಚಿಕೊಂಡಳು. ಇದರಲ್ಲಿ ಅತ್ಯಂತ ಕೆಟ್ಟ ಸಂಗತಿ ಏನೆಂದರೆ, ಕಾಲು ನಿಜವಾಗಿಯೂ ಓಡಿತ್ತು.

ಆ ಬೇಸಿಗೆ ಒಂದೇ ರೋಗ. ಆಂಪ್ಲಿಫೈಯರ್ ಸ್ವಲ್ಪ ಏರಿಸಿದರೆ ಟೊಳ್ಳು ಹೊಟ್ಟೆ ತನ್ನ ದನಿಯನ್ನೇ ಮತ್ತೆ ನುಂಗಿ 'ಊಂ' ಅಂತ ಊಳಿಡುತ್ತಿತ್ತು. ಎಲ್ಲರೂ ಕಿವಿ ಮುಚ್ಚಿಕೊಂಡರೆ ಅಣ್ಣ ಒಬ್ಬನೇ ನಗುತ್ತಾ ನುಡಿಸುತ್ತಿದ್ದ. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. ಶನಿವಾರ ದೊಡ್ಡ ಹೋಟೆಲಿನ ಮ್ಯಾನೇಜರ್ ನಮ್ಮ ಬ್ಯಾಂಡ್ ಕೇಳಲಿದ್ದ. ಒಪ್ಪಿದರೆ ಇಡೀ ವರ್ಷ ಅಲ್ಲಿ ಪ್ರತಿ ಸಂಜೆ ನಮ್ಮದೇ.

"ಆ ಊಳು ನಿಲ್ಬೇಕು. ಇಲ್ಲಾಂದ್ರೆ ಕೀಬೋರ್ಡಿನವನು ಎಡಗೈಯಲ್ಲೇ ಬೇಸ್ ನುಡಿಸ್ತಾನೆ. ನಿಮ್ಮಣ್ಣ ಮನೇಲಿರ್ಲಿ."

ಅಣ್ಣನಿಗೆ ಹೇಳಿದೆ. "ಊಳಿಡುತ್ತಾ? ನಂಗೆ ಗೊತ್ತೇ ಆಗಲ್ವಲ್ಲೋ. ನೀನೇ ಸರಿ ಮಾಡ್ಸು. ನಿನ್ ಬಿಟ್ರೆ ಯಾರಿದ್ದಾರೆ ನಂಗೆ?"

ಗಿಟಾರ್ ರಿಪೇರಿಯವನು ಕಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದ. "ಇದೇನ್ ದೊಡ್ಡ ವಿಷ್ಯ ಅಲ್ಲ. ಕಂಡಿ ಹತ್ರ ಒಂದು ಹಿಡಿ ಫೋಮ್ ಇಡಿ, ಊಳು ಇಳಿಯುತ್ತೆ, ಜೀವನೂ ಉಳಿಯುತ್ತೆ. ಪೂರ್ತಿ ತುಂಬ್ಬೇಡಿ. ತುಂಬಿದ್ರೆ ಊಳೇನೋ ಸತ್ತೇ ಹೋಗುತ್ತೆ, ಮರನೂ ಅದರ ಜೊತೇಲೇ ಸಾಯುತ್ತೆ. ಆಮೇಲೆ ವೈರಲ್ಲಿ ಬರೋದಷ್ಟೇ ಸದ್ದು, ಮೈಯಲ್ಲಿ ಏನೂ ಇರಲ್ಲ."

ಒಂದು ಹಿಡಿ ಫೋಮ್. ಅವನು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು. ನನ್ನ ಕಿವಿ ಚೆನ್ನಾಗಿಯೇ ಇದೆ.

ಅತ್ತಿಗೆ ಫರ್ನಿಚರ್ ಅಂಗಡಿಗೆ ಕುಶನ್ ಹೊಲಿಯುತ್ತಾರೆ. ನಡುಮನೆಯ ಅರ್ಧದಷ್ಟು ಫೋಮ್ ಹಾಳೆಗಳೇ. ಶನಿವಾರ ಬೆಳಿಗ್ಗೆ ಅಣ್ಣ ಕೋಟಿಗೆ ಇಸ್ತ್ರಿ ಮಾಡಿಸಲು ಹೋಗಿದ್ದಾಗ ಬೇಸನ್ನು ಅವರ ಮುಂದೆ ಇಟ್ಟೆ.

"ಅತ್ತಿಗೆ, ಒಂಚೂರು ಫೋಮ್ ಬೇಕಿತ್ತು. ಇದರ ಊಳು ನಿಲ್ಲಿಸೋಕೆ."

"ಎಷ್ಟು?"

"ಹಿಡಿಸೋಷ್ಟು."

ಅವರು ದೊಡ್ಡ ಕತ್ತರಿ ತೆಗೆದುಕೊಂಡು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಟ್ಟರು. ಕಂಡಿಯೊಳಗೆ ನನ್ನ ಬೆರಳು ಹೋಗಲಿಲ್ಲ. "ಅಯ್ಯೋ, ಕೊಡಪ್ಪ ಇಲ್ಲಿ, ನಿಂದು ಒನಕೆ ಬೆರಳು" ಅಂತ ನಗುತ್ತಾ ತಾವೇ ಸ್ಕೇಲಿನಿಂದ ಒಂದೊಂದೇ ಪಟ್ಟಿ ಒಳಗೆ ತಳ್ಳಿದರು. ಕುಶನ್ನಿನ ಮೂಲೆ ತುಂಬಿ ಅಭ್ಯಾಸವಾದ ಕೈ. ಎಲ್ಲೂ ಸಂದು ಬಿಡಲಿಲ್ಲ. ನಡುವೆ ಒಮ್ಮೆ ಕೈ ತಡೆದು, "ಸಾಕಲ್ವಾ? ಅವರಿಗೆ ಅದುರು ಗೊತ್ತಾಗ್ಬೇಕಲ್ಲ" ಅಂತ ಕೇಳಿದರು.

"ಅದಕ್ಕೇನೂ ಆಗಲ್ಲ ಅತ್ತಿಗೆ. ರಿಪೇರಿಯವನೇ ಹೇಳಿದ್ದಾನೆ, ತುಂಬಿ."

ತುಂಬಿದರು.

ಹೋಟೆಲಿನ ಸಭಾಂಗಣದಲ್ಲಿ ನೆಲಕ್ಕೆಲ್ಲ ದಪ್ಪ ಕಾರ್ಪೆಟ್, ಗೋಡೆಗೆಲ್ಲ ಪರದೆ. ನೆಲದಿಂದ ಬರುವ ಅದುರೂ ಇಲ್ಲ. ಮ್ಯಾನೇಜರ್ ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾವು ಹೋಗಿದ್ದೇ ತಡ, ಶುರು ಮಾಡಿ ಅಂದ. ಅಣ್ಣ ಬೇಸನ್ನು ಪಕ್ಕೆಗೆ ಅವುಚಿಕೊಂಡು ದಪ್ಪ ತಂತಿ ಮೀಟಿದ. ನಿಂತ. ಇನ್ನೊಮ್ಮೆ ಮೀಟಿದ. ಬೇಸನ್ನು ಪಕ್ಕಕ್ಕೆ ಸರಿಸಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಬರಿಯ ಎದೆಗೆ ಮರ ತಾಗಿಸಿಕೊಂಡು ಮತ್ತೆ ಮೀಟಿದ. ಮ್ಯಾನೇಜರ್ ಹುಬ್ಬು ಗಂಟಿಕ್ಕಿ ನೋಡಿದ. ಹಿಂದಿನಿಂದ ನನಗೆ ಅಣ್ಣನ ಬೆನ್ನು ಕಾಣುತ್ತಿತ್ತು. ಮೇಲೇರಿದ್ದ ಹೆಗಲು ನಿಧಾನವಾಗಿ ಕೆಳಗಿಳಿಯಿತು.

ಯಜಮಾನರು ಹಾಡು ಶುರು ಮಾಡಿದರು. ಅಣ್ಣ ಹಿಂದಕ್ಕೆ ತಿರುಗಿ ನಿಂತ. ಮ್ಯಾನೇಜರಿಗೆ ಬೆನ್ನು ಹಾಕಿ, ನನ್ನ ಬಲಗಾಲಿಗೆ ಕಣ್ಣು ನೆಟ್ಟ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ನನ್ನ ತಾಳದ ಹಿಂದೆ ಬಂದ. ನನ್ನ ಕಾಲು ಬಿದ್ದಲ್ಲಿ ಅವನ ಬೆರಳು ಬಿತ್ತು. ಮೂರು ಹಾಡು ಹಾಗೇ ನಡೆಯಿತು, ಒಂದು ಕೂದಲೆಳೆ ತಪ್ಪಲಿಲ್ಲ. ಊಳೂ ಇರಲಿಲ್ಲ, ಯಜಮಾನರು ಖುಷಿಯಾಗಿದ್ದರು. ಅಲ್ಲಿಗೆ ಬಿಟ್ಟಿದ್ದರೆ ಅವನ ಜಾಗ ಉಳಿಯುತ್ತಿತ್ತು. ನನ್ನ ಕಾಲನ್ನೇ ನೋಡುತ್ತಾ ಇನ್ನೂ ಹತ್ತು ವರ್ಷ ನುಡಿಸುತ್ತಿದ್ದ. ಅಷ್ಟು ದೊಡ್ಡ ಸೇಡು ನನಗೆ ಸಾಕಾಗಿತ್ತು ಅಂತಲೇ ಅಂದುಕೊಂಡಿದ್ದೆ. ಆದರೆ ನಾಲ್ಕನೆಯ ಹಾಡಿನಲ್ಲಿ, ಅವನು ಬಾಯಿ ಸ್ವಲ್ಪ ತೆರೆದುಕೊಂಡು, ಬಿಟ್ಟ ಕಣ್ಣು ಬಿಟ್ಟಂತೆ ನನ್ನ ಕಾಲು ನೋಡುತ್ತಿದ್ದ ಪರಿ ಕಂಡು, ಯಾಕೋ ಏನೋ, ಕಾಲು ನಿಲ್ಲಿಸಿದೆ.

ಕೈ ನಿಲ್ಲಿಸಲಿಲ್ಲ. ಕೈಗಳು ಮೇಲೆ ತಾಳ ಹಾಕುತ್ತಲೇ ಇದ್ದವು, ಬೇರೆ ಯಾರಿಗೂ ಏನೂ ತಿಳಿಯಲಿಲ್ಲ. ಅಣ್ಣನ ಬೆರಳು ಮಾತ್ರ ತಂತಿಯ ಮೇಲೆ ನಿಂತುಹೋಯಿತು. ನನ್ನ ಮುಖ ನೋಡಿದ. ನಾನು ಹಾಡುವವಳ ಕಡೆ ನೋಡಿದೆ. ಅವನು ಎಲ್ಲಿಂದಲೋ ಹಿಡಿದುಕೊಂಡು ಮತ್ತೆ ನುಡಿಸತೊಡಗಿದ. ಅದು ಹಾಡಿಗೆ ಎಲ್ಲೂ ಸೇರದ ಜಾಗ. ಹಾಡುವವಳು ತಡವರಿಸಿದಳು. ಯಜಮಾನರು ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡಿದರು, ಅವನ ಎಡಗೈ ಬೇಸ್ ಹಿಡಿಯಿತು. ಆಮೇಲೆ ಯಜಮಾನರು ಊದುತ್ತಲೇ ಹಿಂದೆ ಬಂದು ಅಣ್ಣನ ಆಂಪ್ಲಿಫೈಯರಿನ ಗುಂಡಿ ಪೂರ್ತಿ ಕೆಳಗಿಳಿಸಿದರು.

ನನ್ನ ಕಾಲು ಮತ್ತೆ ನಡೆಯಿತು. ಅಣ್ಣ ಕಣ್ಣು ಕೀಳದೆ ಅದನ್ನೇ ಹಿಂಬಾಲಿಸಿ ಇನ್ನೂ ಎರಡು ಹಾಡು ನುಡಿಸಿದ, ಬೆವರು ಸುರಿಸುತ್ತಾ, ಒಂದೂ ತಪ್ಪದೆ. ಒಂದು ಸ್ವರವೂ ಯಾರಿಗೂ ಕೇಳಲಿಲ್ಲ. ಮ್ಯಾನೇಜರ್ ಕೊನೆಗೆ ಚಪ್ಪಾಳೆ ತಟ್ಟಿದಾಗ ಅಣ್ಣನೂ ತಿರುಗಿ ಬಾಗಿದ.

ಒಪ್ಪಂದ ಸಿಕ್ಕಿತು. "ನೀನೇ ಹೇಳಪ್ಪ, ನಿಮ್ಮಣ್ಣ ಅಲ್ವಾ" ಅಂದು ಯಜಮಾನರು ನುಣುಚಿಕೊಂಡರು. ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ ಅವನ ಕಿವಿಗೆ ಕೂಗಿ ಹೇಳಿದೆ. ಪಾತ್ರೆ ತೊಳೆಯುವವರೆಲ್ಲ ಕೇಳಿಸಿಕೊಂಡರು. ಗುಂಡಿ ಇಳಿಸಿದ್ದನ್ನೂ ಹೇಳಿದೆ. ಅದನ್ನು ಹೇಳಲೇಬೇಕು ಅಂತೇನೂ ಇರಲಿಲ್ಲ.

ಅಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡ.

"ಎದೆನೂ ಕಿವುಡಾಯ್ತು ಕಣೋ" ಅಂದ. "ಮೊನ್ನೆವರೆಗೂ ಕೇಳ್ತಿತ್ತು. ಇವತ್ತು ಏನೂ ಇಲ್ಲ. ಮರ ಸರಿಯಾಗೇ ಇದೆ, ನಾನೇ ಮುಗ್ದೆ." ಮತ್ತೆ, ನನ್ನ ಮೊಣಕಾಲು ತಟ್ಟಿ, "ನಿನ್ ಕಾಲು ಇವತ್ತು ಒಂಚೂರೂ ಓಡ್ಲಿಲ್ಲ. ನಾನೇ ಎಲ್ಲೋ ಕೈಬಿಟ್ಟೆ. ನೀನು ಹದಕ್ಕೆ ಬಂದ್ಬಿಟ್ಟಿದ್ದೀಯ ಕಣೋ."

ನಾನು ಬೇಸ್ ಎತ್ತಿ ಚೀಲಕ್ಕೆ ಹಾಕಿದೆ. ಮನೆಗೆ ಹೋಗೋಣ ಅಂತ ಸನ್ನೆ ಮಾಡಿದೆ.

ಎರಡು ವಾರ ಕಳೆಯಿತು. ಅಣ್ಣ ಚೀಲದ ಜಿಪ್ ತೆಗೆಯಲಿಲ್ಲ. ಬೀರುವಿಗೆ ಬೆನ್ನು ಆನಿಸಿ ಕೂರುವುದನ್ನೂ ಬಿಟ್ಟ. ಸುಮ್ಮನೆ ಕೂರಲಾರದೆ ಅತ್ತಿಗೆಯ ಪಕ್ಕ ಕೂತು ಕುಶನ್ನಿಗೆ ಫೋಮ್ ತುಂಬುವುದನ್ನು ಕಲಿತ. ಒಂದು ಮಧ್ಯಾಹ್ನ ನಾನು ಹೋದಾಗ ಅವನು ಕಿಟಕಿಯ ಕಡೆ ಮುಖ ಮಾಡಿ ಮೂಲೆ ತುಂಬುತ್ತಿದ್ದ. ಅತ್ತಿಗೆ ಬಾಗಿಲಲ್ಲೇ ನನ್ನನ್ನು ತಡೆದರು.

"ಗಿಟಾರ್ ರಿಪೇರಿಯವ್ನು ಅವನ ಅಂಗಡಿ ಕುರ್ಚಿಗೆ ಕುಶನ್ ತಗೊಂಡು ಹೋಗೋಕೆ ಬಂದಿದ್ದ. ಪೂರ್ತಿ ತುಂಬ್ಬೇಡಿ ಅಂತ ನಿಂಗೆ ಹೇಳಿದ್ನಂತೆ."

ನಾನು ಕಿಟಕಿಯ ಹತ್ತಿರ ಅಣ್ಣನ ಬೆನ್ನು ನೋಡಿದೆ.

"ಹೇಳಿದ್ನೋ ಇಲ್ವೋ?"

"ಹೇಳಿದ್ದ."

"ನಿನ್ನ ಬಾಯಿಗೆ ಮಣ್ಣು ಬೀಳ. ಈಗಲೇ ಹೋಗಿ ಹೇಳ್ತೀನಿ ಅವರಿಗೆ."

"ಹೇಳಿ ಅತ್ತಿಗೆ. ಕಿವಿಗೆ ಬಾಯಿಟ್ಟು ಕೂಗಿ ಹೇಳಿ, ಬೀದಿಯೆಲ್ಲ ಕೇಳ್ಲಿ. ಕತ್ತರಿಸಿದ್ದು ಯಾರು, ತಳ್ಳಿದ್ದು ಯಾರು ಅಂತಾನೂ ಹೇಳಿ. ಕೀಬೋರ್ಡಿನವನು ಒಪ್ಪಂದಕ್ಕೆ ಸಹಿ ಹಾಕಿ ಆಯ್ತು, ಹೋದ ಜಾಗ ಬರಲ್ಲ. ತಮ್ಮ ಹೋಗ್ತಾನೆ, ಹೆಂಡ್ತಿನೂ ಹೋಗ್ತಾಳೆ ಅವನ ಪಾಲಿಗೆ. ಆಮೇಲೆ ಯಾರನ್ನ ನಂಬ್ಕೊಂಡು ಇರ್ತಾನೆ?"

ಇದು ಒಂದು ಉಸಿರಿಗೆ ಬಂತು. ಎರಡು ವಾರದಿಂದ ಒಳಗೊಳಗೇ ಜೋಡಿಸಿಟ್ಟುಕೊಂಡಿದ್ದೆ.

ಅತ್ತಿಗೆ ನನ್ನನ್ನು ದಾಟಿ ಒಳಗೆ ಹೋದರು. ಅಣ್ಣನ ಬೆನ್ನ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತರು. ಕೈ ಅವನ ಹೆಗಲ ತನಕ ಹೋಗಿ ಹಿಂದಕ್ಕೆ ಬಂತು. ಆಮೇಲೆ ಮಾಮೂಲಿ ದನಿಯಲ್ಲಿ, ಕಿವಿ ಇರುವವರಿಗೆ ಹೇಳುವ ಹಾಗೆ ಹೇಳಿದರು.

"ರೀ, ನಿಮ್ಮೆದೆಗೆ ಏನೂ ಆಗಿಲ್ಲ. ಅದರ ಹೊಟ್ಟೇಲಿ ಫೋಮ್ ಇದೆ. ನಾನೇ ತುಂಬಿದ್ದು."

ಅಣ್ಣ ತಿರುಗಲಿಲ್ಲ. ಮೂಲೆಯನ್ನು ಹೆಬ್ಬೆರಳಿನಿಂದ ಅದುಮಿ, ಸಾಲದು ಅನ್ನಿಸಿರಬೇಕು, ಹಿಂದಕ್ಕೆ ನೋಡದೆಯೇ ಕೈ ಚಾಚಿದ.

ಅತ್ತಿಗೆ ಇನ್ನೊಂದು ಸಲ ಹೇಳಲಿಲ್ಲ. ರಾಶಿಯಿಂದ ಒಂದು ಪಟ್ಟಿ ಫೋಮ್ ತೆಗೆದು ಅವನ ಕೈಗೆ ಕೊಟ್ಟರು.